ಸಹಾಯ ಬೇಕು: ಚಾರ್ಮತ್‌ನಲ್ಲಿ ಮಕ್ಕಳ ಜೊತೆ ಫಾಸಿಲ್ (ಪಳೆಯುಳಿಕೆ) ಹುಡುಕಲು

ನಮಸ್ಕಾರ. ಇಂಗ್ಲೆಂಡ್‌ನ ರೆಡಿಂಗ್‌ನಲ್ಲಿದ್ದೇವೆ. ಅಕ್ಟೋಬರ್ ರಜೆಗೆ ಡಾರ್ಸೆಟ್‌ನ ಕಡಲತೀರದ ಊರು ಚಾರ್ಮತ್‌ಗೆ ಹೋಗೋಣ ಅಂತಿದ್ದೇವೆ. ಹೋದ ವರ್ಷ ಸುಮ್ನೆ ನಾವೇ ಹೋಗಿದ್ದೆವು. ಉಬ್ಬರದ ಹೊತ್ತು ನೋಡಿಕೊಳ್ಳದೆ ಅರ್ಧ ಗಂಟೆಗೇ ವಾಪಸ್! ಆದರೂ ಮಗಳಿಗೆ ಜಲ್ಲಿಕಲ್ಲಿನ ನಡುವೆ ಒಂದು ಪುಟ್ಟ ಅಮೊನೈಟ್ (ಸುರುಳಿ ಚಿಪ್ಪಿನ ಪ್ರಾಚೀನ ಕಡಲಜೀವಿಯ ಫಾಸಿಲ್) ಸಿಕ್ಕಿತು. ಐದು ಪೆನ್ನಿ ನಾಣ್ಯದಷ್ಟು, ಚಿನ್ನದ ಹಾಗೆ ಹೊಳೆಯುವ ಪೈರೈಟ್ ಖನಿಜದ್ದು. ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ, 'ಸಾಲಿಗ್ರಾಮದ ಚಕ್ರ ಅಲ್ವೇನೋ ಇದು?' ಅಂದರು. ತಪ್ಪೇನಿಲ್ಲ, ಗಂಡಕಿಯ ಸಾಲಿಗ್ರಾಮದಲ್ಲಿರುವುದೂ ಅಮೊನೈಟೇ.

ಈ ಸಲ ಗೈಡ್ ಬೇಕೇ ಬೇಕು. ಚಾರ್ಮತ್ ಹೆರಿಟೇಜ್ ಕೋಸ್ಟ್ ಸೆಂಟರ್ ಅಥವಾ ಲೈಮ್ ರೀಜಿಸ್ ಮ್ಯೂಸಿಯಂನವರ ಫಾಸಿಲ್ ವಾಕ್‌ಗೆ ಮಕ್ಕಳ ಜೊತೆ ಹೋದವರು ಇದ್ದೀರಾ? ಆರು ವರ್ಷದವನು ಅಷ್ಟು ಹೊತ್ತು ನಡೆದಾನಾ? ಸುತ್ತಿಗೆ ನಾವೇ ಒಯ್ಯಬೇಕಾ? ಗುಡ್ಡ ಕುಸಿಯುತ್ತೆ, ಬುಡಕ್ಕೆ ಹೋಗಬಾರದು ಅನ್ನೋದು ನಮಗೆ ಗೊತ್ತು. ಮಗನನ್ನು ಒಪ್ಪಿಸೋದೇ ಕಷ್ಟ.