ಒಬ್ಬರೇ ಇರುವ ಹಿರಿಯರಿಗೆ ಅಲರ್ಟ್ ವಾಚ್: ಈ ಸ್ಟಾರ್ಟಪ್ ಗಟ್ಟಿಯಾಗಿ ನಿಲ್ಲುತ್ತಾ?

ಮಲೆನಾಡ_ಕೋಡರ್:
ನಾನು, ನನ್ನ ಗೆಳೆಯ ಸೇರಿ ಬೆಂಗಳೂರಿನಲ್ಲಿ ಒಂದು ಸ್ಟಾರ್ಟಪ್ ಶುರು ಮಾಡಬೇಕು ಅಂತಿದ್ದೇವೆ. ಊರಲ್ಲಿ ಒಬ್ಬರೇ ಇರುವ ಅಪ್ಪ ಅಮ್ಮಂದಿರ ಕೈಗೆ ವಾಚ್, ಅವರು ಬಿದ್ದರೆ ಮಕ್ಕಳ ಫೋನಿಗೆ ಅಲರ್ಟ್. ನನ್ನ ಅಮ್ಮ ತೀರ್ಥಹಳ್ಳಿ ಕಡೆ ಒಂಟಿಮನೆಯಲ್ಲಿದ್ದಾರೆ, ಹಾಗಾಗಿ ನನಗೆ ಇದು ಬರೀ ಬಿಸಿನೆಸ್ ಅಲ್ಲ. ಈ ಕೆಲಸ ಗೊತ್ತಿರುವವರು ಹೇಳಿ, ಎಲ್ಲಿ ಎಡವುತ್ತೇವೆ? ದುಡ್ಡು ಎಲ್ಲಿಂದ ಹೊಂದಿಸೋದು?

ಹೋಮ್‌ಕೇರ್_ನರ್ಸ್:
ವಾಚ್ ಹೊಸದೇನಲ್ಲ. ಆಪಲ್ ವಾಚಿನಲ್ಲಿ 2018ರಿಂದಲೇ ಇದೆ, ಬಿದ್ದವರು ಒಂದು ನಿಮಿಷ ಅಲ್ಲಾಡದಿದ್ದರೆ ತಾನೇ ತುರ್ತು ಕರೆ ಮಾಡುತ್ತದೆ. ಆದರೆ ನಾನು ಹೋಗುವ ಮನೆಗಳಲ್ಲಿ ಸ್ನಾನಕ್ಕೆ ಮುಂಚೆ ಅಜ್ಜಿಯರು ವಾಚ್ ಬಿಚ್ಚಿ ಕುಂಕುಮದ ಬಟ್ಟಲ ಪಕ್ಕ ಇಡುತ್ತಾರೆ, ಪೂಜೆ ಮುಗಿಯುವ ತನಕ ಅದು ಅಲ್ಲೇ. ಜಾರುವುದು ಮಾತ್ರ ಬಚ್ಚಲಲ್ಲಿ. ಇನ್ನು ಕೆಲವರು ಧಡ್ ಅಂತ ಬೀಳುವುದೇ ಇಲ್ಲ, ಗೋಡೆ ಹಿಡಿದುಕೊಂಡು ಮೆಲ್ಲಗೆ ಕುಸಿಯುತ್ತಾರೆ, ಆಗ ಸೆನ್ಸರ್ ಸುಮ್ನೆ ಇದ್ದುಬಿಡಬಹುದು.

ಸರಿ, ಅಲರ್ಟ್ ಬಂತು ಅಂದುಕೊಳ್ಳಿ. ಮಗ ಅಮೆರಿಕದಲ್ಲಿ ನಿದ್ದೆಯಲ್ಲಿದ್ದಾನೆ. ಬಾಗಿಲು ಒಳಗಿಂದ ಚಿಲಕ ಹಾಕಿದೆ. ಯಾರು ಹೋಗಿ ಎತ್ತುತ್ತಾರೆ? ನಿಮ್ಮ ಪ್ಲಾನಿನಲ್ಲಿ ಆ ಮನುಷ್ಯ ಎಲ್ಲೂ ಇಲ್ಲ, ಮೊದಲು ಅವರನ್ನು ಹುಡುಕಿ.

ಲೀಡ್ಸ್_ಕನ್ನಡಿಗ:
ಮೇಲಿನ ಮಾತು ನೂರಕ್ಕೆ ನೂರು ನಿಜ. ನಾನು ಇಂಗ್ಲೆಂಡಿನಲ್ಲಿ ಕೇರ್ ವರ್ಕರ್. ಇಲ್ಲಿ ಹಿರಿಯರ ಕೊರಳಲ್ಲಿ ಒಂದು ಬಟನ್ ಇರುತ್ತದೆ, ಒತ್ತಿದರೆ ಮಗನಿಗಲ್ಲ, 24 ಗಂಟೆ ನಡೆಯುವ ಕಾಲ್ ಸೆಂಟರಿಗೆ ಹೋಗುತ್ತದೆ. ಅವರು ಮೊದಲು ಮಾತಾಡಿಸುತ್ತಾರೆ, ಆಮೇಲೆ ಬೀಗದ ಕೈ ಇರುವವರನ್ನು ಕಳಿಸುತ್ತಾರೆ. ಸುಮಾರು 18 ಲಕ್ಷ ಜನ ಇಂಥದ್ದನ್ನು ನಂಬಿಕೊಂಡಿದ್ದಾರೆ.

ಈಗ ಈ ಬಟನ್‌ಗಳು ನೆಚ್ಚಿಕೊಂಡಿದ್ದ ಹಳೆಯ ತಾಮ್ರದ ಫೋನ್ ಲೈನುಗಳನ್ನು ಜನವರಿ 2027ರ ಒಳಗೆ ನಿಲ್ಲಿಸುತ್ತಿದ್ದಾರೆ. ಹಳೇ ಲೈನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತಿತ್ತು, ಇಂಟರ್ನೆಟ್ ಮೇಲೆ ನಡೆಯುವ ಹೊಸದರಲ್ಲಿ ಮನೆಯ ಕರೆಂಟ್ ಹೋದರೆ ರೂಟರ್ ಸತ್ತಂತೆ, ಬಟನ್ನೂ ಸತ್ತಂತೆ. ಅದಕ್ಕೇ ಲ್ಯಾಂಡ್‌ಲೈನನ್ನೇ ನಂಬಿಕೊಂಡವರಿಗೆ ಕರೆಂಟ್ ಹೋದಾಗಲೂ ತುರ್ತು ಕರೆ ಮಾಡಲು ಫೋನ್ ಕಂಪನಿಗಳು ಬ್ಯಾಟರಿ ಬ್ಯಾಕಪ್‌ನಂಥ ವ್ಯವಸ್ಥೆ ಕೊಡಬೇಕು ಅನ್ನುವ ನಿಯಮ ಇದೆ, ಆದರೂ ಎಷ್ಟು ಗಲಾಟೆ ಆಯಿತೆಂದರೆ 2023ರ ಡಿಸೆಂಬರಿನಲ್ಲಿ ಜನರನ್ನು ಒತ್ತಾಯದಿಂದ ಹೊಸ ಲೈನಿಗೆ ಬದಲಾಯಿಸುವುದನ್ನೇ ಸ್ವಲ್ಪ ಕಾಲ ತಡೆಹಿಡಿದರು. ತೀರ್ಥಹಳ್ಳಿಯ ಮಳೆಗಾಲ ನಿಮಗೆ ನಾನು ಹೇಳಬೇಕಾ? ಕರೆಂಟ್, ಟವರ್ ಎರಡೂ ಇಲ್ಲದ ರಾತ್ರಿ ಏನಾಗುತ್ತದೆ, ಅದನ್ನು ಈಗಲೇ ಯೋಚಿಸಿ.

ಮಲೆನಾಡ_ಕೋಡರ್:
ಅಕ್ಕಪಕ್ಕದವರನ್ನು, ಆಶಾ ಕಾರ್ಯಕರ್ತೆಯರನ್ನು ಸೇರಿಸಿಕೊಂಡರೆ?

ಹೋಮ್‌ಕೇರ್_ನರ್ಸ್:
ಆಶಾ ಅಕ್ಕಂದಿರ ಮೇಲೆ ಈಗಾಗಲೇ ಹೊರೆ ಜಾಸ್ತಿ, ಅವರನ್ನು ಬಿಟ್ಟುಬಿಡಿ. ಊರಲ್ಲೇ ಇರುವ ಹೆಂಗಸರಿಗೆ ತರಬೇತಿ ಕೊಟ್ಟು, ಸರಿಯಾದ ಸಂಬಳ ಕೊಡಿ. ಬಿದ್ದವರನ್ನು ಹೇಗೆ ಎತ್ತಬೇಕು, ಯಾವಾಗ ಎತ್ತಲೇಬಾರದು ಅನ್ನುವುದು ಕಲಿಯಬೇಕಾದ ವಿದ್ಯೆ. ಆ್ಯಪ್ ಅವರಿಗಾಗಿ ಮಾಡಿ: ಕನ್ನಡದಲ್ಲಿರಲಿ, ಟೈಪ್ ಮಾಡುವ ಬದಲು ವಾಯ್ಸ್ ನೋಟ್ ಇರಲಿ. "ಅಜ್ಜಿ ಇವತ್ತು ಊಟ ಅರ್ಧ ಬಿಟ್ರು, ಕಾಲು ಊದಿದೆ" ಅಂತ ಒಬ್ಬಾಕೆ ಹೇಳಿದರೆ ಅದು ನನಗೆ ನಿಮ್ಮ ಹತ್ತು ಗ್ರಾಫಿಗಿಂತ ಉಪಯೋಗ.

ಲೆಕ್ಕದ_ಮನುಷ್ಯ:
ದುಡ್ಡಿನ ವಿಷಯ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ 2021ರಲ್ಲಿ ಶುರು ಮಾಡಿದ 'ಸೇಜ್' ಯೋಜನೆ ಇದೆ, ಹಿರಿಯರ ಆರೈಕೆಯ ಸ್ಟಾರ್ಟಪ್‌ಗಳಿಗೇ ಅಂತ. 1 ಕೋಟಿ ರೂಪಾಯಿ ತನಕ ಕೊಡುತ್ತಾರೆ. ಸಾಲ ಅಲ್ಲ, ಕಂಪನಿಯಲ್ಲಿ ಪಾಲು ತೆಗೆದುಕೊಳ್ಳುತ್ತಾರೆ, ಆದರೆ ಸರ್ಕಾರದ ಪಾಲು 49% ದಾಟುವಂತಿಲ್ಲ. ಅರ್ಜಿ ಈಗ ತೆರೆದಿದೆಯಾ ಅಂತ ಪೋರ್ಟಲಿನಲ್ಲಿ ನೋಡಿಕೊಳ್ಳಿ. ಅರ್ಜಿ ಬರೆಯುವಾಗ ವಾಚಿನ ಬೆಲೆ ಜೊತೆಗೆ ಆ ಹೆಂಗಸರ ತಿಂಗಳ ಸಂಬಳವನ್ನೂ ಖರ್ಚಿಗೆ ಸೇರಿಸಿ. ಅದು ಸೇರಿದ ಮೇಲೂ ಮಕ್ಕಳು ಕಟ್ಟುವ ದುಡ್ಡಿನಲ್ಲಿ ಲೆಕ್ಕ ಕೂಡಿಬಂದರೆ ಧೈರ್ಯವಾಗಿ ಮುಂದುವರಿಯಿರಿ.