ಮೊಟ್ಟೆಯೊಳಗಿನ ಇಸ್ಪೀಟು

"ಈ ಡೈನೋಸಾರ್ ಆಟಿಕೆಯನ್ನು ಕೊಂಡದ್ದು ಮೊಮ್ಮಗನಿಗಾಗಿ" ಎಂದು ನಾನು ಹೇಳಿದಾಗ ಲಾಲ್‌ಬಾಗಿನ ಬಂಡೆಯ ಮೇಲೆ ಕುಳಿತಿದ್ದ ಮೂವರೂ ಒಟ್ಟಿಗೆ ನಕ್ಕರು. ನಗಲು ಅವರಿಗೆ ಕಾರಣವೂ ಇತ್ತು. ನನ್ನ ಮೊಮ್ಮಗನಿಗೆ ಈಗ ಏಳು ತಿಂಗಳು. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ವಯಸ್ಸು. ಪೆಟ್ಟಿಗೆಯ ಮೇಲೋ, ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಕೊಡಬಾರದೆಂದು ಕೆಂಪು ಅಕ್ಷರದಲ್ಲಿ ಬರೆದಿತ್ತು.

"ಇನ್ನು ಎರಡು ವರ್ಷ ಐದು ತಿಂಗಳು" ಎಂದರು ಮೇಷ್ಟರು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಕೂಡಿ ಕಳೆಯದೆ ಕಾಫಿಯನ್ನೂ ಕುಡಿಯುವುದಿಲ್ಲ.

"ಅಷ್ಟು ದಿನ ಇಡಬೇಕಾದ ಪದಾರ್ಥ. ಕೆಟ್ಟಿದೆಯೋ ಇಲ್ಲವೋ ಈಗಲೇ ನೋಡಿಕೊಳ್ಳಬೇಡವೇ?" ಎಂದೆ.

ನಮ್ಮದು ಭಾನುವಾರದ ಕೂಟ. ನಡಿಗೆ ಎಂದು ಮನೆಯಲ್ಲಿ ಹೇಳಿ ಬರುತ್ತೇವೆ. ಪಶ್ಚಿಮದ ಬಾಗಿಲಿನಿಂದ ಬಂಡೆಯವರೆಗೆ ನಡೆಯುವುದೂ ಉಂಟು. ಆಮೇಲೆ ಕೆಂಪೇಗೌಡರ ಗೋಪುರ ಕಾಣುವ ಕಡೆಗೆ ಮುಖಮಾಡಿ ಕುಳಿತರೆ, ದರ್ಶಿನಿಯಿಂದ ಕಟ್ಟಿಸಿಕೊಂಡು ಬಂದ ಇಡ್ಲಿ ವಡೆ ಮುಗಿದು, ಬಿಸಿಲು ನೆತ್ತಿ ಸುಡುವ ತನಕ ಏಳುವುದಿಲ್ಲ. ಬ್ಯಾಂಕಿನಲ್ಲಿ ನೋಟು ಎಣಿಸಿ ಬೆರಳು ಸವೆಸಿಕೊಂಡ ಶಾಮಣ್ಣ, ಮೇಷ್ಟರು, ನಾನು. ಮತ್ತೆ ಭೂವಿಜ್ಞಾನದ ಕೆಲಸದಲ್ಲಿ ಮೂವತ್ತು ವರ್ಷ ಸುತ್ತಿಗೆ ಹಿಡಿದು ಬೆಟ್ಟಗುಡ್ಡ ತಿರುಗಿದ ವಿಮಲಕ್ಕ. ನಮ್ಮಲ್ಲಿ ನಿಜವಾಗಿ ನಡೆಯುವವರು ಅವರೊಬ್ಬರೇ.

ನಾನು ಚೀಲದಿಂದ ಹೊರತೆಗೆದದ್ದು ತೋತಾಪುರಿ ಮಾವಿನಕಾಯಿಯಷ್ಟು ದೊಡ್ಡ ಪ್ಲಾಸ್ಟಿಕ್ ಮೊಟ್ಟೆ. ಒಂದಲ್ಲ, ನಾಲ್ಕು.

"ನಾಲ್ಕೇಕೆ? ಮೊಮ್ಮಗ ಒಬ್ಬನೇ ಅಲ್ಲವೇ?" ಎಂದ ಶಾಮಣ್ಣ.

"ಪ್ರತಿಯೊಂದರ ಹೊಟ್ಟೆಯೊಳಗೂ ಆರು ಎಲೆಗಳಿವೆ. ಎಲೆ ಎಂದರೆ ಇಸ್ಪೀಟಿನ ಎಲೆ. ಎದುರಾಳಿ ಇಲ್ಲದೆ ಆಡುವುದು ಹೇಗೆ?"

ಒಂದಕ್ಕೆ 349 ರೂಪಾಯಿ. ಮನೆಯಲ್ಲಿ ಹೇಳಿರುವ ಬೆಲೆ ಬೇರೆ. ಅದು ಇಲ್ಲಿ ಬೇಡ.

ಮೊಟ್ಟೆಯ ಚಿಪ್ಪು ಬಿಚ್ಚಿದರೆ ಒಳಗೆ ಒಣಗಿದ ಸುಣ್ಣದಂಥ ಉಂಡೆ. ಅದನ್ನು ಕೆರೆಯಲು ಹಲ್ಲುಕಡ್ಡಿಗಿಂತ ಸ್ವಲ್ಪ ದಪ್ಪನೆಯ ಪ್ಲಾಸ್ಟಿಕ್ ಉಳಿ. ವಿಮಲಕ್ಕನ ಮುಖ ಅರಳಿತು. ನೆಲದ ಮೇಲೆ ದಿನಪತ್ರಿಕೆ ಹಾಸಿದರು, ಉಂಡೆಯನ್ನು ನಡುವೆ ಇಟ್ಟರು. ಮೊದಲು ಅಂಚು ಬಿಡಿಸಬೇಕು, ಪುಡಿಯನ್ನು ಊದಬಾರದು, ಕುಂಚದಿಂದ ಸರಿಸಬೇಕು ಎಂದು ಅವರು ಹೇಳುತ್ತಿರುವಾಗಲೇ ಶಾಮಣ್ಣ ಇನ್ನೊಂದು ಉಂಡೆಯನ್ನು ಎತ್ತಿ, ಗಣಪತಿಗೆ ಈಡುಗಾಯಿ ಹೊಡೆದಂತೆ ಬಂಡೆಗೆ ಅಪ್ಪಳಿಸಿದ. ಸುಣ್ಣ ನಮ್ಮ ನಾಲ್ವರ ವಡೆಯ ಮೇಲೂ ಸಮನಾಗಿ ಬಿತ್ತು.

"ಎಷ್ಟು ಕೋಟಿ ವರ್ಷ ಕಾಪಾಡಿಕೊಂಡು ಬಂದ ಎಲುಬಾದರೂ ನಿಮ್ಮ ಕೈಗೆ ಸಿಕ್ಕ ದಿನ ಮುಗಿಯಿತು" ಎಂದರು ವಿಮಲಕ್ಕ.

ಹೊರಬಂದದ್ದು ಬೆನ್ನ ಮೇಲೆ ಹಪ್ಪಳ ನಿಲ್ಲಿಸಿದಂಥ ಫಲಕಗಳುಳ್ಳ ಸ್ಟೆಗೊಸಾರಸ್ ಎಂಬ ಡೈನೋಸಾರ್ ಗೊಂಬೆ. ಬಾಲ ಸ್ವಲ್ಪ ಸೊಟ್ಟಗಾಗಿತ್ತು. ಹೊಟ್ಟೆಯ ಕೆಳಗೆ ನಸ್ಯದ ಡಬ್ಬಿಯ ಮುಚ್ಚಳದಂಥದ್ದು. ಉಗುರಿನಿಂದ ಮೀಟಿದರೆ ಅಂಚೆ ಚೀಟಿಯ ಗಾತ್ರದ ಆರು ಎಲೆಗಳು. ಅದರ ಮೇಲಿನ ಅಕ್ಷರವನ್ನು ಯಾವ ಇರುವೆಗಾಗಿ ಅಚ್ಚು ಹಾಕಿದ್ದಾರೋ ತಿಳಿಯದು. ನಾಲ್ಕು ಕನ್ನಡಕಗಳು ಹೊರಬಂದವು. ಸಾಲದೆ ವಿಮಲಕ್ಕನ ಚೀಲದಿಂದ ಭೂತಗನ್ನಡಿಯೂ ಬಂತು. ಅದನ್ನು ಸರದಿಯ ಮೇಲೆ ಹಿಡಿಯುವುದೆಂದು ತೀರ್ಮಾನವಾಯಿತು.

ಎರಡನೆಯ ಮೊಟ್ಟೆ ಒಡೆದೆವು. ಸ್ಟೆಗೊಸಾರಸ್. ಮೂರನೆಯದರಲ್ಲಿ ವೆಲಾಸಿರ್‍ಯಾಪ್ಟರ್. ನಾಲ್ಕನೆಯದರಲ್ಲಿ ಮತ್ತೆ ಸ್ಟೆಗೊಸಾರಸ್.

"ಒಟ್ಟು ಎಷ್ಟು ಬಗೆ?" ಎಂದರು ಮೇಷ್ಟರು. ಹನ್ನೆರಡು ಎಂದು ಒಳಗಿನ ಚೀಟಿ ಹೇಳುತ್ತಿತ್ತು. ಅವರು ಅದರ ಹಿಂಬದಿಯಲ್ಲೇ ಬರೆಯತೊಡಗಿದರು. ಕಂಪನಿಯವರು ಎಲ್ಲವನ್ನೂ ಸಮನಾಗಿ ತುಂಬಿದ್ದಾರೆಂದು ನಂಬಿದರೆ, ನಾಲ್ಕು ಮೊಟ್ಟೆಯಲ್ಲಿ ನಾಲ್ಕೂ ಬೇರೆ ಬೇರೆ ಬರುವ ಸಂಭವ ನೂರಕ್ಕೆ ಐವತ್ತೇಳು. ಮೂರು ಒಂದೇ ಆಗಿ ಒಂದು ಬೇರೆಯಾಗುವುದು ನೂರಕ್ಕೆ ಎರಡೂವರೆ. "ಇಂಥ ಅದೃಷ್ಟ ಸುಮಾರು ನಲವತ್ತು ಜನರಲ್ಲಿ ಒಬ್ಬರಿಗೆ ಸಿಗುತ್ತದೆ" ಎಂದು ನನ್ನ ಕೈ ಕುಲುಕಿದರು.

"ಹನ್ನೆರಡೂ ಸಿಗಬೇಕಾದರೆ?" ಶಾಮಣ್ಣನ ದನಿಯಲ್ಲಿ ಆಗಲೇ ಆಸೆ ಇಣುಕುತ್ತಿತ್ತು.

"ಸರಾಸರಿ ಮೂವತ್ತೇಳು ಮೊಟ್ಟೆ. ಮೊದಲಿನವು ಬೇಗ ಬರುತ್ತವೆ. ಕಾಡುವುದು ಕೊನೆಯದು. ಹನ್ನೊಂದು ಸಿಕ್ಕ ಮೇಲೆ ಹನ್ನೆರಡನೆಯದೊಂದಕ್ಕೇ ಸರಾಸರಿ ಇನ್ನೂ ಹನ್ನೆರಡು ಮೊಟ್ಟೆ ಒಡೆಯಬೇಕು. ಮೂವತ್ತೇಳನ್ನು 349ರಿಂದ ಗುಣಿಸಿದರೆ 12,913 ರೂಪಾಯಿ."

"ಮೊಮ್ಮಗನ ಹೆಸರಿನಲ್ಲಿ ಠೇವಣಿ ಇಡಬಹುದಿತ್ತು" ಎಂದ ಶಾಮಣ್ಣ. ಬ್ಯಾಂಕಿನವನ ಬುದ್ಧಿ. ಆದರೆ ಕಣ್ಣು ಚೀಟಿಯ ಮೇಲೆಯೇ ಇತ್ತು. ಅದರಲ್ಲಿ ಹನ್ನೊಂದು ಪ್ರಾಣಿಗಳಿಗೆ ಬಣ್ಣ, ಒಂದಕ್ಕೆ ಮಾತ್ರ ಚಿನ್ನದ ಹೊಳಪು. ಭೂತಗನ್ನಡಿ ಹಿಡಿದು ಓದಿದ: "ರಾಜಾಸಾರಸ್."

"ನಮ್ಮ ದೇಶದ್ದೇ" ಎಂದರು ವಿಮಲಕ್ಕ. ಅದರ ಪೂರ್ತಿ ಹೆಸರು ರಾಜಾಸಾರಸ್ ನರ್ಮದೆನ್ಸಿಸ್. ಗುಜರಾತಿನ ಬಾಲಾಸಿನೋರ್ ಕಡೆ ಸಿಕ್ಕಿದ ಎಲುಬುಗಳಿಗೆ 2003ರಲ್ಲಿ ಇಟ್ಟ ಹೆಸರು. ಹಣೆಯ ಮೇಲೆ ಒಂದು ಗಿಡ್ಡ ಕೊಂಬು, ಮಾಂಸಾಹಾರಿ. ಇನ್ನೊಂದುಂಟು, ಬಾರಾಪಾಸಾರಸ್ ಟಾಗೋರಿ. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯವರು ಗೋದಾವರಿಯ ಕಣಿವೆಯಲ್ಲಿ ಅಗೆದು ತೆಗೆದದ್ದು. ಬಂಗಾಳಿಯಲ್ಲಿ ದೊಡ್ಡ ಕಾಲು ಎಂದರ್ಥ. ಜೊತೆಗೆ ರವೀಂದ್ರನಾಥ ಠಾಕೂರರ ಹೆಸರು. ಅಸ್ಥಿಪಂಜರ ಆ ಸಂಸ್ಥೆಯಲ್ಲೇ ನಿಂತಿದೆ.

ಸಂಖ್ಯಾಶಾಸ್ತ್ರದವರು ಡೈನೋಸಾರ್ ಅಗೆದರೆಂದು ಕೇಳಿ ಮೇಷ್ಟರು ಎರಡು ಅಂಗುಲ ಎತ್ತರವಾದರು. ಮುಂದಿನ ಅರ್ಧ ಗಂಟೆ ಅವರನ್ನು ಹಿಡಿಯುವುದು ಕಷ್ಟವಾಯಿತು.

"ಬೆಂಗಳೂರಿನದು ಒಂದೂ ಇಲ್ಲವೇ?" ಎಂದು ಕೇಳಿದೆ. ವಿಮಲಕ್ಕ ನಾವು ಕುಳಿತ ಬಂಡೆಯನ್ನು ಅಂಗೈಯಿಂದ ತಟ್ಟಿದರು. ನೈಸ್ ಎಂಬ ಜಾತಿಯ ಈ ಶಿಲೆಗೆ ಸುಮಾರು 300 ಕೋಟಿ ವರ್ಷ. ಡೈನೋಸಾರ್‌ಗಳು ಕಣ್ಣುಬಿಟ್ಟದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ನೆಲದಾಳದ ಕಾವಿನಲ್ಲಿ ಬೆಂದು ಗಟ್ಟಿಯಾದ ಕಲ್ಲಿನಲ್ಲಿ, ಅದೂ ಅವು ಹುಟ್ಟುವ ಎಷ್ಟೋ ಮೊದಲೇ ಆದ ಕಲ್ಲಿನಲ್ಲಿ, ಅವುಗಳ ಎಲುಬನ್ನು ಹುಡುಕಿದರೆ ಸಿಗುವುದು ಎಲ್ಲಿಂದ?

"ಹಾಗಾದರೆ ಈ ಬಂಡೆಗೂ ಒಂದು ಎಲೆ ಮಾಡಬೇಕಿತ್ತು. ವಯಸ್ಸು 300 ಕೋಟಿ. ಯಾರು ಬಂದರೂ ಕೈ ನಮ್ಮದೇ" ಎಂದ ಶಾಮಣ್ಣ.

ಆಟ ಶುರುವಾಯಿತು. ನಿಯಮ ಸುಲಭ: ಇಪ್ಪತ್ತನಾಲ್ಕು ಎಲೆಗಳನ್ನೂ ಕಲೆಸಿ ಹಂಚುವುದು, ಮೇಲಿನ ಎಲೆ ನೋಡಿ ಉದ್ದ, ತೂಕ, ವೇಗ, ಭಯಂಕರತೆ ಈ ನಾಲ್ಕರಲ್ಲಿ ಒಂದನ್ನು ಕೂಗುವುದು, ಹೆಚ್ಚು ಅಂಕ ಇದ್ದವರು ಎಲ್ಲರ ಎಲೆ ಎತ್ತಿಕೊಳ್ಳುವುದು. ಪಣ ಒಂದು ವಡೆ, ಸುಣ್ಣ ಒರೆಸಿದ್ದು. ಆದರೆ ಶಾಮಣ್ಣ ಎಲೆ ಹಿಡಿದ ಕೈಯನ್ನು ಮಫ್ಲರಿನೊಳಗೆ ಬಚ್ಚಿಟ್ಟುಕೊಂಡಿದ್ದ. ಉದ್ಯಾನದಲ್ಲಿ ಇಸ್ಪೀಟು ಆಡಿ ಸಿಕ್ಕಿಬಿದ್ದರೆ ನಿವೃತ್ತಿ ವೇತನಕ್ಕೆ ಏನಾದರೂ ಆದೀತೆಂದು ಅವನ ಭಯ.

ನಾನು ಡಿಪ್ಲೊಡೋಕಸ್ ಇಳಿಸಿ ಉದ್ದ ಕೂಗಿದೆ, 26 ಮೀಟರ್. ನಮ್ಮ ನಗರದ ಎರಡು ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೂ ಅಷ್ಟಾಗದು. ಕೈ ನನ್ನದಾಯಿತು. ಶಾಮಣ್ಣ ಟಿರಾನೊಸಾರಸ್ ರೆಕ್ಸ್ ಹಿಡಿದು ತೂಕ ಕೂಗಿ ಗೆದ್ದ. ವಿಮಲಕ್ಕನಿಗೆ ಬಂದದ್ದು ವೆಲಾಸಿರ್‍ಯಾಪ್ಟರ್. ಭಯಂಕರತೆ 95 ಎಂದು ಬರೆದಿತ್ತು. ಅವರು ಎಲೆಯನ್ನು ಕೆಳಗೆ ಹಾಕಲೇ ಇಲ್ಲ.

"ಇದನ್ನು ಅಳೆದವರು ಯಾರು? ಯಾವ ತಕ್ಕಡಿ? ಮಂಗೋಲಿಯದಲ್ಲಿ ಸಿಕ್ಕ ಈ ಪ್ರಾಣಿ ದೊಡ್ಡ ಟರ್ಕಿ ಕೋಳಿಯಷ್ಟಿತ್ತು. ಮೈಮೇಲೆ ಗರಿ ಬೇರೆ. ಗರಿಯ ಬುಡ ಕೂತಿದ್ದ ಗುಬುಟುಗಳನ್ನು ಅದರ ಮುಂಗೈ ಎಲುಬಿನ ಮೇಲೆ ಗುರುತಿಸಿದ್ದಾರೆಂದು 2007ರಲ್ಲೇ ಪ್ರಕಟವಾಗಿದೆ. ಇಲ್ಲಿ ನೋಡಿದರೆ ಮೈ ಬೋಳು, ಆಳೆತ್ತರ!"

"ಬಿಡಿ ವಿಮಲಕ್ಕ, ಕೈ ನಿಮ್ಮದೇ ಅಲ್ಲವೇ" ಎಂದೆ.

"ಸುಳ್ಳು ಲೆಕ್ಕದಿಂದ ಬಂದ ವಡೆ ನನಗೆ ಬೇಡ" ಎಂದರು. ಹಾಗೆಂದು ಎಲೆಗಳನ್ನು ಎತ್ತಿಕೊಳ್ಳುವುದನ್ನು ಬಿಡಲಿಲ್ಲ.

ಭಯಂಕರತೆಯ ಮಾತು ಅಲ್ಲಿಗೆ ನಿಲ್ಲಲಿಲ್ಲ. ಡೈನೋಸಾರ್ ಎಂಬ ಪದವನ್ನು ಕಟ್ಟಿದ್ದೇ 1842ರಲ್ಲಿ, ಇಂಗ್ಲೆಂಡಿನ ರಿಚರ್ಡ್ ಓವೆನ್. ಭಯಂಕರ ಹಲ್ಲಿ ಎಂದು ಅದರ ಅರ್ಥ. ಜಬಲ್ಪುರದ ಬಳಿ ಸ್ಲೀಮನ್ ಎಂಬ ಸೈನ್ಯಾಧಿಕಾರಿಗೆ 1828ರಲ್ಲೇ ಅಂಥ ಎಲುಬು ಸಿಕ್ಕಿತ್ತು. ಅಂದರೆ ನಮ್ಮಲ್ಲಿ ಹಲ್ಲಿ ಮೊದಲು ಬಂತು, ಹೆಸರು ಹದಿನಾಲ್ಕು ವರ್ಷ ತಡವಾಗಿ ಬಂತು. ಇದನ್ನು ಕೇಳಿ ಶಾಮಣ್ಣ ಗಂಭೀರವಾಗಿ ಒಂದು ಪ್ರಶ್ನೆ ಎತ್ತಿದ. ಹಲ್ಲಿ ತಲೆಯ ಮೇಲೆ ಬಿದ್ದರೆ ಏನು ಫಲ, ಭುಜದ ಮೇಲೆ ಬಿದ್ದರೆ ಏನು ಫಲ ಎಂದು ಪಂಚಾಂಗದಲ್ಲಿ ಕೊಟ್ಟಿದ್ದಾರೆ. ಡಿಪ್ಲೊಡೋಕಸ್ ಬಿದ್ದರೆ?

"ಫಲ ಕೇಳಲು ನೀನಿರಬೇಕಲ್ಲ" ಎಂದರು ಮೇಷ್ಟರು.

ಮುಂದಿನ ಸುತ್ತಿನಲ್ಲಿ ನನ್ನ ಸ್ಟೆಗೊಸಾರಸ್ಸಿಗೆ ಶಾಮಣ್ಣನ ಟಿ. ರೆಕ್ಸ್ ಎದುರಾಯಿತು. ಎಲೆಯ ಹಿಂದೆ ಇಬ್ಬರೂ ಕಚ್ಚಾಡುವ ಚಿತ್ರವೇ ಇತ್ತು. ವಿಮಲಕ್ಕ ಮತ್ತೆ ಅಡ್ಡಬಂದರು. ಸ್ಟೆಗೊಸಾರಸ್ ಬಾಳಿದ್ದು ಸುಮಾರು 15 ಕೋಟಿ ವರ್ಷಗಳ ಹಿಂದೆ. ಟಿ. ರೆಕ್ಸ್ ಅಳಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅವೆರಡರ ನಡುವಿನ ಅಂತರ ಟಿ. ರೆಕ್ಸಿಗೂ ನಮಗೂ ಇರುವ ಅಂತರಕ್ಕಿಂತ ಹೆಚ್ಚು.

"ಹಾಗಾದರೆ ಅದು ಸ್ಟೆಗೊಸಾರಸ್ಸಿಗಿಂತ ಶಾಮಣ್ಣನಿಗೇ ಹತ್ತಿರದ ನೆಂಟ" ಎಂದೆ. ವಡೆ ಹಿಡಿದಿದ್ದ ಅವನ ದವಡೆಯನ್ನು ನೋಡಿದರೆ ನಂಬದಿರಲು ಕಾರಣವಿರಲಿಲ್ಲ.

ಚಿತ್ರ ಕೂಡಿಡುವ ಹುಚ್ಚು ನಮಗೇನು ಹೊಸದೇ? ಬೆಂಕಿಪೊಟ್ಟಣದ ಚೀಟಿಗಾಗಿ ಬೀದಿಯ ಕಸದಲ್ಲಿ ಕೈಯಾಡಿಸಿದವರು ನಾವು. ನನ್ನ ಮಗ ಬಬಲ್‌ಗಮ್ಮಿನ ಜೊತೆ ಬರುವ ಕ್ರಿಕೆಟ್ ಆಟಗಾರರಿಗಾಗಿ ಹಲ್ಲು ಹಾಳುಮಾಡಿಕೊಂಡ. ಇನ್ನೂ ಹಿಂದೆ ಹೋದರೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಂಬ ಹಳೆಯ ಕಾಲದ ಇಸ್ಪೀಟಿನ ಎಲೆಗಳಲ್ಲಿ ಹೊಸ ಹೊಸ ಆಟಗಳನ್ನೇ ರಚಿಸಿದ ದೊರೆ. ದಶಾವತಾರ ಗಂಜೀಫಾದಲ್ಲಿ 120 ಎಲೆ, ಅವತಾರಕ್ಕೆ ಹನ್ನೆರಡರಂತೆ. ಮೀನು, ಆಮೆ, ಹಂದಿ, ಅರ್ಧ ಸಿಂಹ. ವಿಚಿತ್ರ ಪ್ರಾಣಿಗಳಿಗೆ ಅಲ್ಲೂ ಕೊರತೆಯಿಲ್ಲ. ಹಗಲಿನ ಆಟವಾದರೆ ರಾಮನ ಎಲೆ ಇದ್ದವನು ಮೊದಲು ಇಳಿಸಬೇಕು, ರಾತ್ರಿಯಾದರೆ ಕೃಷ್ಣನ ಎಲೆಯವನು. ಅಲ್ಲಿ ಕಟ್ಟು ಕೊಂಡರೆ 120ಕ್ಕೆ 120 ಇರುತ್ತಿದ್ದವು. ಮತ್ಸ್ಯ ಸಿಕ್ಕಿತು, ಕಲ್ಕಿ ಬೇಕಾದರೆ ಇನ್ನೂ ಮೂವತ್ತು ಪೆಟ್ಟಿಗೆ ಕೊಳ್ಳಿ ಎಂದು ಅರಮನೆಯವರು ಹೇಳಲಿಲ್ಲ.

ಇಷ್ಟು ಹೇಳಿ ತಲೆಯೆತ್ತಿದರೆ ಮೂವರಲ್ಲಿ ಯಾರೂ ಕೇಳುತ್ತಿರಲಿಲ್ಲ. ಶಾಮಣ್ಣ ಮೊಬೈಲಿನಲ್ಲಿ ಮೊಟ್ಟೆಯ ಬೆಲೆ ಹುಡುಕುತ್ತಿದ್ದ.

"ನಾಲ್ವರೂ ಸೇರಿ ಕೊಂಡು, ಹೆಚ್ಚಾದದ್ದನ್ನು ಬದಲಾಯಿಸಿಕೊಂಡರೆ ತಲೆಗೆ ಬೀಳುವ ಖರ್ಚು ಇಳಿಯುತ್ತದೆ. ಇದು ಗಣಿತ" ಎಂದರು ಮೇಷ್ಟರು.

"ನಿಮಗೂ ಮೊಮ್ಮಕ್ಕಳಿದ್ದಾರೆಯೇ?" ಎಂದು ಕೇಳಿದೆ.

"ಆಗಬಹುದು" ಎಂದರು. ಅವರ ಮಗಳಿಗೆ ಇನ್ನೂ ಮದುವೆಯಾಗಿಲ್ಲ.

ಆಗ ಹಿಂದಿನಿಂದ ಸೀಟಿ ಕೇಳಿಸಿತು. ಕಾವಲುಗಾರ. ಶಾಮಣ್ಣ ಅಷ್ಟೂ ಎಲೆಗಳನ್ನು ಸಾಂಬಾರಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿಬಿಟ್ಟ. ಅದರಲ್ಲಿ ಎರಡು ಚಮಚ ಸಾಂಬಾರು ಉಳಿದಿತ್ತೆಂಬುದು ಆಮೇಲೆ ಗೊತ್ತಾಯಿತು.

"ಏನು ಯಜಮಾನರೇ, ಇಸ್ಪೀಟೇ?" ಎಂದ ಅವನು.

"ಪ್ರಾಣಿಶಾಸ್ತ್ರ" ಎಂದರು ವಿಮಲಕ್ಕ, ಕಣ್ಣು ಮಿಟುಕಿಸದೆ.

ಅವನು ಬಗ್ಗಿ ದಿನಪತ್ರಿಕೆಯ ಮೇಲೆ ಸಾಲಾಗಿ ನಿಂತಿದ್ದ ಮೂರು ಸ್ಟೆಗೊಸಾರಸ್‌ಗಳನ್ನು ನೋಡಿದ. ಒಂದನ್ನು ಎತ್ತಿ, ನಮಗಿಂತ ಸಲೀಸಾಗಿ ಹೊಟ್ಟೆಯ ಮುಚ್ಚಳ ತೆರೆದು ಮುಚ್ಚಿದ. ಬಾಲ ಸೊಟ್ಟಗಿರುವುದನ್ನು ಗಮನಿಸಿ ನಾಲಿಗೆಯಿಂದ ಲೊಚಗುಟ್ಟಿದ.

"ನಿಮಗೂ ಬರೀ ಇದೇ ಬಂತೇ?"

"ನಮಗೂ ಎಂದರೆ?" ಎಂದ ಶಾಮಣ್ಣ.

"ಮಗಳ ಹತ್ತಿರ ಹನ್ನೊಂದಿವೆ. ಈ ಬೆನ್ನಿನ ಹಪ್ಪಳದ್ದೊಂದು ಮಾತ್ರ ಇಲ್ಲ. ಚಿನ್ನದ ಬಣ್ಣದ್ದು ಎರಡೆರಡು ಬಂದು ಕೂತಿವೆ."

ಕ್ಷಣಕಾಲ ಯಾರೂ ಉಸಿರಾಡಲಿಲ್ಲ. ಶಾಮಣ್ಣ ಎದ್ದು ತನ್ನ ಜಾಗದಲ್ಲಿ ದಿನಪತ್ರಿಕೆಯ ಹಾಳೆ ಹಾಸಿ, "ಕುಳಿತುಕೊಳ್ಳಿ ಸ್ವಾಮಿ, ವಡೆ ತಿನ್ನುತ್ತೀರಾ?" ಎಂದ. ಅವನ ಕೈಯಲ್ಲಿದ್ದ ಸ್ಟೆಗೊಸಾರಸ್ ನನ್ನದೆಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಶಾಮಣ್ಣ ಅದಕ್ಕೆ ಬೆಲೆ ಕಟ್ಟಿಯೂ ಆಗಿತ್ತು.

"ಒಂದಕ್ಕೆ ಒಂದು" ಎಂದ ಶಾಮಣ್ಣ.

ಕಾವಲುಗಾರ ಸೀಟಿಯನ್ನು ಜೇಬಿಗೆ ಹಾಕಿಕೊಂಡು, ವಡೆಯ ಮೇಲಿನ ಸುಣ್ಣವನ್ನು ಊದಿ, ನಿಧಾನವಾಗಿ ಒಂದು ತುಂಡು ಮುರಿದ.

"ರಾಜ ಅದು ಯಜಮಾನರೇ. ಒಂದಕ್ಕೆ ಮೂರು. ಬಾಲ ಸೊಟ್ಟಗಿರುವುದಕ್ಕೆ ಆ ಭೂತಗನ್ನಡಿಯನ್ನೂ ಸೇರಿಸಿ."