ರಾತ್ರಿ ಹತ್ತರ ಮೇಲೆ ಮನೆ ಸೇರೋದು ಹೇಗೆ?

2ನೇ ಕ್ರಾಸ್, ಹಲಸಿನ ಮರದ ಮನೆ:
ನಮಸ್ಕಾರ ಎಲ್ಲರಿಗೂ. ನಿನ್ನೆ ಬೆಂಗಳೂರಿಂದ ಶಿವಮೊಗ್ಗಕ್ಕೆ ಜನಶತಾಬ್ದಿ ರೈಲಿನಲ್ಲಿ ಬಂದೆ. ಸ್ಟೇಷನ್ ಹೊರಗೆ ಕಾಲಿಟ್ಟಾಗ ಹತ್ತು ದಾಟಿತ್ತು. ಸಿಟಿ ಬಸ್ ಒಂದೂ ಇಲ್ಲ. ಗೋಪಾಳದ ಆಚೆ ಅಂದ ಕೂಡಲೇ ಮೂರು ಆಟೋದವರು ತಲೆ ಅಲ್ಲಾಡಿಸಿದರು. ನಾಲ್ಕನೆಯವರು 300 ಅಂದರು. ಮಳೆ ಬೇರೆ. ಕೊನೆಗೆ ಸಾಗರದ ಕಡೆ ಹೊರಟಿದ್ದ ಬಸ್ಸು ಹತ್ತಿ ಆಲ್ಕೊಳ ಸರ್ಕಲ್‌ನಲ್ಲಿ ಇಳಿದು ನಡೆದೆ. ನಾಲೆ ಪಕ್ಕದ ತಿರುವಿನಲ್ಲಿ ಮೂರು ಕಂಬದಲ್ಲೂ ದೀಪ ಇಲ್ಲ. ಒಂದು ಕೈಲಿ ಕೊಡೆ, ಇನ್ನೊಂದರಲ್ಲಿ ಮೊಬೈಲ್ ಟಾರ್ಚ್, ಹಿಂದೆ ನಾಯಿಗಳ ದಂಡು. ಮಗನಿಗೆ ತಂದಿದ್ದ ಬನ್ನು ಎಸೆದು ಪಾರಾದೆ. ನಗಬೇಡಿ. ಇದು ನನಗೊಬ್ಬಳಿಗೇ ಆಗಿರೋದಲ್ಲ, ಅಲ್ವಾ?

4ನೇ ಕ್ರಾಸ್, ನೀಲಿ ಗೇಟ್:
ನಿಮಗೆ ತಿಂಗಳಿಗೊಂದು ಸಲ ಅಕ್ಕ, ನನಗೆ ವಾರಕ್ಕೆ ಮೂರು ಸಲ. ಆಸ್ಪತ್ರೆ ಡ್ಯೂಟಿ ಮುಗಿಯೋದು ಒಂಬತ್ತಕ್ಕೆ. ಮುಂದಿನವರಿಗೆ ಎಲ್ಲ ಒಪ್ಪಿಸಿ ಹೊರಡುವಾಗ ಒಂಬತ್ತೂವರೆ. ಕೊನೇ ಬಸ್ಸು ಇದೆ ಅಂತಾರೆ, ಜನ ಕಮ್ಮಿ ಇದ್ದ ದಿನ ಅದು ಬರೋದೇ ಇಲ್ಲ. ಅಣ್ಣ ಬೈಕ್ ತಂದು ಕಾಯ್ತಾನೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹಾಲು ಹಾಕೋನು ಅವನು. ಎಷ್ಟು ದಿನ ಅಂತ ಕರೆಯೋದು?

3ನೇ ಕ್ರಾಸ್, ಮೂಲೆ ಮನೆ:
ಸರ್ಕಾರಿ ಬಸ್ ಹಾಕಿ ಅಂತ ಮನವಿ ಕೊಡೋಣ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಆದರೆ ಖಾಸಗಿ ಬಸ್ಸಿನಲ್ಲಿ ಅದು ನಡೆಯಲ್ಲ. ನಮ್ಮ ಕಡೆ ಬರೋದೆಲ್ಲ ಖಾಸಗಿಯೇ.

1ನೇ ಕ್ರಾಸ್, ಮೇಷ್ಟ್ರು:
ಮನವಿ ಕೊಡೋಣ. ಅದಕ್ಕೆ ಮೊದಲು ಒಂದು ಕಾಗದ ತರಿಸಬೇಕು. ಖಾಸಗಿ ಬಸ್ಸಿಗೆ ಪರ್ಮಿಟ್ ಕೊಡೋದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಪರ್ಮಿಟ್ ಜೊತೆಗೇ ಓಡಬೇಕಾದ ಟೈಮೂ ಗೊತ್ತುಮಾಡಿರುತ್ತಾರೆ. ಕೊನೇ ಟ್ರಿಪ್ ಅದರಲ್ಲಿದ್ದೂ ಓಡಿಸುತ್ತಿಲ್ಲ ಅಂದರೆ ಹೊಸ ಬಸ್ಸು ಯಾಕೆ ಬೇಡಬೇಕು? ಇರೋದನ್ನೇ ಓಡಿಸಿ ಅಂತ ಕೇಳಬಹುದು. ಅದರಲ್ಲಿ ಇಲ್ಲವೇ ಇಲ್ಲ ಅಂದರೆ ಮನವಿ ಬೇರೆ ಥರ ಬರೆಯಬೇಕು. ಆ ಪರ್ಮಿಟ್, ಟೈಮಿನ ಪ್ರತಿ ಕೊಡಿ ಅಂತ ಆರ್‌ಟಿಒ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟೋ ಹಾಗಿಲ್ಲ. ದೀಪ, ನಾಯಿ, ಚರಂಡಿ ಎಲ್ಲ ಅದಕ್ಕೇ ತುರುಕಬೇಡಿ.

3ನೇ ಕ್ರಾಸ್, ಮೂಲೆ ಮನೆ:
150 ಪದ ಅಂದ್ರೆ ಬರೆಯೋದು ಬೇರೆಯವರಿಗೆ ಬಿಡಿ ಮೇಷ್ಟ್ರೇ.

1ನೇ ಕ್ರಾಸ್, ಮೇಷ್ಟ್ರು:
ಆಯ್ತು ಮಾರಾಯ, ನೀನೇ ಬರಿ. ಸಹಿ ನಂದಿರಲಿ.

5ನೇ ಕ್ರಾಸ್, ಆಟೋ ಮನೆ:
ಆಟೋದವರನ್ನ ಬೈತಾ ಇದೀರಿ, ಓದಿದೆ. ರಾತ್ರಿ ಇಲ್ಲಿಗೆ ಬಂದರೆ ವಾಪಸ್ ಖಾಲಿ ಹೋಗಬೇಕು, ಮಳೆಗಾಲದಲ್ಲಂತೂ ಒಂದು ನರಪಿಳ್ಳೆ ಸಿಗಲ್ಲ. ಅದಕ್ಕೇ ತಲೆ ಅಲ್ಲಾಡಿಸೋದು. 300 ಜಾಸ್ತಿಯೇ, ಒಪ್ತೀನಿ. ನನ್ನ ಮನೆ ಇಲ್ಲೇ ಇರೋದ್ರಿಂದ ನನಗೆ ವಾಪಸ್ ಚಿಂತೆ ಇಲ್ಲ. ಮೂರು ಜನ ಆದರೆ ತಲೆಗೆ 60. ಗುಂಪಲ್ಲಿ ಒಂಬತ್ತರೊಳಗೆ ಹೇಳಿ, ಜನಶತಾಬ್ದಿ ಹೊತ್ತಿಗೆ ಸ್ಟೇಷನ್ ಹತ್ತಿರ ಇರ್ತೀನಿ. ಭಾನುವಾರ ಮಾತ್ರ ಬೇಡ, ಹೆಂಡತಿ ಹತ್ರ ಬೈಸಿಕೊಳ್ಳಕ್ಕಾಗಲ್ಲ.

4ನೇ ಕ್ರಾಸ್, ನೀಲಿ ಗೇಟ್:
ನಾನು ಒಂಬತ್ತೂವರೆಗೆ ಆಸ್ಪತ್ರೆ ಗೇಟಲ್ಲಿ ಇರ್ತೀನಿ ಅಣ್ಣ. ಅರ್ಧ ಗಂಟೆ ಕಾದರೂ ಪರವಾಗಿಲ್ಲ, ಅಲ್ಲಿ ಟೀ ಅಂಗಡಿ ತೆರೆದಿರುತ್ತೆ.

2ನೇ ಕ್ರಾಸ್, ಹಲಸಿನ ಮರದ ಮನೆ:
ದೀಪದ ದೂರು ನಾನು ಪಾಲಿಕೆಗೆ ಕೊಡ್ತೀನಿ. ಕಂಬದ ನಂಬರ್ ಬೇಕು. ಬೆಳಿಗ್ಗೆ ವಾಕಿಂಗ್ ಹೋಗುವವರು ಯಾರಾದ್ರೂ ಫೋಟೋ ತೆಗೆದು ಹಾಕಿ. ಸಹಿ ಶನಿವಾರ ಸಂಜೆ ನಮ್ಮ ಕಟ್ಟೆ ಮೇಲೆ. ಅಲ್ಲೀವರೆಗೂ ಯಾರೇ ಆಗಲಿ ಆ ತಿರುವಲ್ಲಿ ಒಬ್ಬೊಬ್ಬರೇ ಬರಬೇಡಿ. ಏನಾದ್ರೂ ಹೆಚ್ಚುಕಮ್ಮಿ ಅನ್ನಿಸಿದರೆ 112ಕ್ಕೆ ಮಾಡಿ.

6ನೇ ಕ್ರಾಸ್, ಹೊಸ ಬಾಡಿಗೆ ಮನೆ:
ಸುಮ್ನೆ ಓದ್ತಾ ಇದ್ದೆ. ಈಗ ಇದೇ ರೈಲಿನಲ್ಲಿದ್ದೀನಿ, ಭದ್ರಾವತಿ ಬಿಟ್ಟಿತು. ಇವತ್ತೂ ಬರ್ತೀರಾ ಅಣ್ಣ?

5ನೇ ಕ್ರಾಸ್, ಆಟೋ ಮನೆ:
ಒಂಬತ್ತು ದಾಟಿದೆಯಲ್ಲ ತಂಗಿ. ಇರಲಿ, ಅನ್ನ ಉಂಡು ಹೊರಟೆ. ಮುಂದಿನ ಗಾಜಿಗೆ ಹಳದಿ ಟವೆಲ್ ಕಟ್ಟಿರ್ತೀನಿ.